ಗಂಡನ ಸಾಲ, ಹೆಂಡತಿಯ ಋಣ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮನೆಗೆ ಬಂದಿದ್ದರು. ಪತಿ ಹೃದಯಾಘಾತದಿಂದ ತೀರಿಕೊಂಡು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಕೈಯಲ್ಲಿ ಒಂದು ಲಕೋಟೆ. ಗಂಡನ ಹೆಸರಿನಲ್ಲಿದ್ದ ಕ್ರೆಡಿಟ್ ಕಾರ್ಡಿನ ಬಾಕಿ 1,80,000 ರೂಪಾಯಿ ಎಂದು ಅದರಲ್ಲಿದ್ದ ಕಾಗದ ಹೇಳುತ್ತಿತ್ತು. ಅಂಥದೊಂದು ಕಾರ್ಡು ಇತ್ತೆಂಬುದೇ ಆಕೆಗೆ ತಿಳಿದದ್ದು ಅವರು ಹೋದ ಮೇಲೆ. ವಸೂಲಿಯವರು ದಿನಕ್ಕೆರಡು ಬಾರಿ ದೂರವಾಣಿಯಲ್ಲಿ ಮಾತನಾಡುತ್ತಿದ್ದರಂತೆ. “ನೀವು ಹೆಂಡತಿ ತಾನೆ? ನೀವಲ್ಲದೆ ಇನ್ನಾರು ಕಟ್ಟಬೇಕು?” ಎಂಬುದು ಅವರ ವಾದ.

ನಾನು ಕನ್ನಡ ಪಾಠ ಹೇಳಿಕೊಂಡು ಬದುಕಿದವನು. ವಕೀಲರನ್ನು ಕೇಳಿ ಎಂದೆ. “ಕೇಳಿದ್ದಾಯಿತು, ಸಾರ್. ನಾನು ಕಟ್ಟಬೇಕಾಗಿಲ್ಲವೆಂದು ಅವರು ಹೇಳಿದರು. ಆದರೆ ಕಾನೂನು ಬಿಟ್ಟರೂ ಋಣ ಬಿಡುತ್ತದೆಯೇ? ಅವರ ಋಣ ಉಳಿದುಹೋದರೆ ಪಾಪ ಅವರಿಗಲ್ಲವೆ? ಬಳೆ ಮಾರಿ ತೀರಿಸಿಬಿಡೋಣ ಅನ್ನಿಸುತ್ತದೆ. ನಮ್ಮ ಶಾಸ್ತ್ರಗಳಲ್ಲಿ ಏನು ಹೇಳಿದೆ? ಅದನ್ನು ಕೇಳೋಣವೆಂದು ಬಂದೆ” ಎಂದರು.

ಆ ಪ್ರಶ್ನೆಗೆ ನಾನು ಕೂಡಲೆ ಉತ್ತರ ಕೊಡಲಿಲ್ಲ. ಒಂದು ವಾರ ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆ. ಅಲ್ಲಿ ಕಂಡದ್ದನ್ನೇ ಈ ಹೊತ್ತು ಕೇಳುಗರ ಮುಂದೆ ಇಡುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಸಾಲ ಬೇರೆ, ಋಣ ಬೇರೆ. ಸಾಲ ಅಂಗಡಿಯದು, ಋಣ ಜನ್ಮದ್ದು. ಹುಟ್ಟುವಾಗಲೇ ಮನುಷ್ಯ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂಬ ಮಾತು ವೇದಕಾಲದ್ದು. ಅನ್ನದ ಋಣ, ಮಣ್ಣಿನ ಋಣ, ಋಣಾನುಬಂಧ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಈ ಎರಡಕ್ಕೂ ಒಂದೇ ಪದ: ಋಣ. ಅಂಗಡಿಯ ಲೆಕ್ಕವನ್ನೂ ಅವರು ಋಣವೆಂದೇ ಕರೆದರು. ತೀರಿಸದೆ ಸತ್ತವನು ಸಾಲ ಕೊಟ್ಟವನ ಮನೆಯಲ್ಲಿ ಆಳಾಗಿಯೋ ಪಶುವಾಗಿಯೋ ಹುಟ್ಟಿ ದುಡಿಯಬೇಕಾದೀತೆಂದು ಕೆಲವು ಸ್ಮೃತಿಕಾರರು ಹೆದರಿಸಿದ್ದೂ ಉಂಟು. ಆದಕಾರಣ, ಶಾಸ್ತ್ರಕ್ಕೆ ಹೋಗಿ ಕೇಳಿದರೆ ಹೆಂಡತಿಯ ತಲೆಯ ಮೇಲೆ ಹೊರೆ ಇನ್ನೂ ಹೆಚ್ಚಾಗಿಯೇ ಬೀಳುತ್ತದೆಂದು ಯಾರಿಗಾದರೂ ತೋರುವುದು ಸಹಜ. ನನಗೂ ಹಾಗೆಯೇ ತೋರಿತ್ತು. ಪುಸ್ತಕ ತೆರೆದಾಗ ಕಂಡದ್ದು ಬೇರೆ.

ಮೊದಲು ಕೌಟಿಲ್ಯನನ್ನು ನೋಡೋಣ. ಅವನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ದೊರಕಿದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದ ಓಲೆಗರಿಯ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಋಣಾದಾನದ ವಿಚಾರ ಬರುತ್ತದೆ. ಗಂಡ ಮಾಡಿದ ಸಾಲಕ್ಕೆ ಒಪ್ಪಿಗೆ ಕೊಡದ ಹೆಂಡತಿಯನ್ನು ಹಿಡಿಯಕೂಡದೆಂದು ಕೌಟಿಲ್ಯ ಅಲ್ಲಿ ಹೇಳುತ್ತಾನೆ. ಗೋವಳರ ಮತ್ತು ಪಾಲಿಗೆ ಉಳುವವರ ಹೆಂಡಿರು ಮಾತ್ರ ಇದಕ್ಕೆ ಹೊರತು. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳುತ್ತಾನೆ: ಹೆಂಡತಿಯ ಜೀವನಕ್ಕೆ ಏರ್ಪಾಟು ಮಾಡದೆ ಪರಸ್ಥಳಕ್ಕೆ ಹೋದ ಗಂಡನನ್ನು ಆಕೆ ಮಾಡಿದ ಸಾಲಕ್ಕಾಗಿ ಹಿಡಿಯಬಹುದು. ಮನೆಯಲ್ಲಿ ಉಪವಾಸ ಬಿಟ್ಟು ಹೋದವನು, ಆಕೆ ಅಕ್ಕಿ ಕಡ ತಂದರೆ, ಆ ಅಕ್ಕಿ ನನ್ನದಲ್ಲ ಎನ್ನುವಂತಿಲ್ಲ. ಈ ಎರಡು ಸೂತ್ರಗಳೊಳಗೆ ಮುಂದಿನ ಕಾಲದ ವಿಚಾರವೆಲ್ಲ ಬೀಜರೂಪದಲ್ಲಿದೆ.

ಯಾಜ್ಞವಲ್ಕ್ಯ ಸ್ಮೃತಿ ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ಗಂಡನ ಸಾಲವನ್ನಾಗಲಿ ಮಗನ ಸಾಲವನ್ನಾಗಲಿ ಹೆಂಗಸು ಕೊಡಬೇಕಾಗಿಲ್ಲ. ಮಗನ ಸಾಲವನ್ನು ತಂದೆ ಕೊಡಬೇಕಾಗಿಲ್ಲ. ಹೆಂಡತಿಯ ಸಾಲವನ್ನು ಗಂಡ ಕೊಡಬೇಕಾಗಿಲ್ಲ. ಆದರೆ ಆ ಸಾಲ ಕುಟುಂಬಾರ್ಥವಾಗಿದ್ದರೆ ಮಾತು ಬೇರೆ. ಈ ‘ಕುಟುಂಬಾರ್ಥ’ ಎಂಬ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ಹೆಂಗಸು ಕೊಡಬೇಕಾದ ಸಾಲಗಳನ್ನು ಸ್ಮೃತಿಕಾರ ಮೂರೆಂದು ಎಣಿಸುತ್ತಾನೆ: ತಾನು ಕೊಡುವೆನೆಂದು ಒಪ್ಪಿಕೊಂಡದ್ದು, ಗಂಡನೊಡನೆ ಕೂಡಿ ಮಾಡಿದ್ದು, ತಾನೇ ಮಾಡಿದ್ದು. ಬೇರೆ ಯಾವುದನ್ನೂ ಕೊಡಬೇಕಾಗಿಲ್ಲವೆಂದು ಖಂಡಿತವಾಗಿ ನುಡಿದು ಮುಗಿಸುತ್ತಾನೆ.

ಗೋವಳ, ಹೆಂಡ ಮಾರುವವ, ನಟ, ಅಗಸ, ಬೇಡ, ಈ ಐವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ಕೊಡಬೇಕೆಂಬ ಇನ್ನೊಂದು ವಿಧಿಯೂ ಅಲ್ಲಿದೆ. ಮೇಲುನೋಟಕ್ಕೆ ಇದು ಜಾತಿಭೇದದಂತೆ ಕಾಣುತ್ತದೆ. ಆದರೆ ಕಾರಣವನ್ನು ಸ್ಮೃತಿಯೇ ಕೊಟ್ಟಿದೆ: ಆ ಮನೆಗಳ ವೃತ್ತಿ ನಿಂತಿರುವುದು ಆ ಹೆಂಗಸರ ಮೇಲೆ. ಹಾಲು ಮೊಸರು ಮಾರುವವಳು, ಬಟ್ಟೆ ಕೊಂಡುಹೋಗಿ ತಂದುಕೊಡುವವಳು, ಅಂಗಡಿಯಲ್ಲಿ ಕುಳಿತು ಲೆಕ್ಕ ನೋಡುವವಳು ಆಕೆ. ಸಾಲ ಕೊಡುವವನು ಆಕೆಯ ಮುಖ ನೋಡಿ ಕೊಡುತ್ತಾನೆ; ಅದರ ಫಲ ಗಂಡನ ಮನೆಗೂ ಸಲ್ಲುತ್ತದೆ. ಫಲ ಉಂಡವನು ಹೊಣೆಯನ್ನೂ ಹೊರಲಿ ಎಂಬುದು ಇಲ್ಲಿನ ನ್ಯಾಯ. ದುಡಿಯುವ ಹೆಂಗಸಿನ ಮಾತಿಗೆ ಪೇಟೆಯಲ್ಲಿ ಬೆಲೆಯಿತ್ತೆಂಬ ಸಾಮಾಜಿಕ ಸತ್ಯವೊಂದು ಈ ಶ್ಲೋಕದಲ್ಲಿ ತನಗೆ ತಿಳಿಯದಂತೆಯೇ ಉಳಿದುಬಂದಿದೆ.

ಈ ಸ್ಮೃತಿಗೆ ಭಾರತದಲ್ಲೆಲ್ಲ ಹೆಸರಾದ ವ್ಯಾಖ್ಯಾನ ಹುಟ್ಟಿದ್ದು ನಮ್ಮ ನಾಡಿನಲ್ಲಿ. ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಕಲ್ಯಾಣದಂಥ ಪಟ್ಟಣ, ವಿಕ್ರಮನಂಥ ಅರಸು, ತನ್ನಂಥ ಪಂಡಿತ ಹಿಂದೆ ಇರಲಿಲ್ಲ, ಮುಂದೆಯೂ ಇರಲಾರರೆಂದು ಗ್ರಂಥದ ಕೊನೆಯಲ್ಲಿ ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಹೆಮ್ಮೆ ಸುಳ್ಳಾಗಲಿಲ್ಲ. ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸ 1810ರಲ್ಲಿ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಬಂಗಾಳವನ್ನು ಬಿಟ್ಟು ದೇಶದ ಬಹುಭಾಗದ ಹಿಂದೂಗಳ ಆಸ್ತಿ ವ್ಯವಹಾರವೆಲ್ಲ ಕಲ್ಯಾಣದ ಈ ಪಂಡಿತನ ಮಾತಿನಂತೆ ನಡೆಯಿತು.

ಮಿತಾಕ್ಷರೆಯ ದಾರಿಯಲ್ಲಿ ತಂದೆಯ ಋಣ ಮಗನಿಗೆ ಇಳಿಯುತ್ತದೆ, ಮೊಮ್ಮಗನಿಗೂ ಇಳಿಯುತ್ತದೆ. ಅದು ಧರ್ಮದ ಹೊಣೆ. ಅದಕ್ಕೂ ಮಿತಿಯುಂಟು: ಕುಡಿತಕ್ಕೆ, ಕಾಮಕ್ಕೆ, ಜೂಜಿಗೆ ಮಾಡಿದ ಸಾಲ, ಕಟ್ಟದೆ ಉಳಿದ ದಂಡ ಮತ್ತು ಸುಂಕ, ಹೊಗಳುಭಟರಿಗೆ ಕೊಟ್ಟ ಪೊಳ್ಳು ದಾನ, ಇವನ್ನು ಮಗ ತೀರಿಸಬೇಕಾಗಿಲ್ಲ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸತ್ತವನ ಪರಲೋಕದ ಚಿಂತೆಯನ್ನು ಇಷ್ಟು ಮಾಡಿದ ಶಾಸ್ತ್ರ, ಆ ಚಿಂತೆಯ ಭಾರವನ್ನು ಗಂಡುಸಂತಾನದ ಮೇಲೆ ಹೊರಿಸಿತೇ ಹೊರತು ಹೆಂಡತಿಯ ಮೇಲೆ ಹೊರಿಸಲಿಲ್ಲ. ಅರ್ಧಾಂಗಿಯೆಂದು ಕರೆದವರೇ ಅರ್ಧ ಸಾಲ ಆಕೆಯದೆಂದು ಹೇಳಲಿಲ್ಲ.

ಹೆಂಡತಿಗೆ ಹೊಣೆ ಬರುವ ಇನ್ನೊಂದು ದಾರಿಯನ್ನು ಮಾತ್ರ ಸ್ಮೃತಿ ತೆರೆದಿಟ್ಟಿತು. ಸತ್ತವನ ಆಸ್ತಿಯನ್ನು ಯಾರು ತೆಗೆದುಕೊಳ್ಳುತ್ತಾರೋ ಅವರು ಅವನ ಸಾಲವನ್ನೂ ತೆಗೆದುಕೊಳ್ಳಬೇಕು. ಗಂಡುಮಕ್ಕಳಿಲ್ಲದವನ ಆಸ್ತಿಗೆ ಹೆಂಡತಿಯೇ ಮೊದಲ ವಾರಸುದಾರಳೆಂದು ಯಾಜ್ಞವಲ್ಕ್ಯ ಹೇಳಿದ್ದನ್ನು ವಿಜ್ಞಾನೇಶ್ವರ ಬಲವಾಗಿ ಎತ್ತಿಹಿಡಿದ. ಹಾಗೆ ಆಸ್ತಿ ಪಡೆದವಳು ಸಾಲಕ್ಕೂ ಬದ್ಧಳು. ಇದು ಹೆಂಡತಿಯೆಂಬ ಕಾರಣಕ್ಕೆ ಬಂದ ಹೊಣೆಯಲ್ಲ, ವಾರಸುದಾರಳೆಂಬ ಕಾರಣಕ್ಕೆ ಬಂದದ್ದು. ಎರಡಕ್ಕೂ ಇರುವ ಅಂತರ ಸಣ್ಣದಲ್ಲ.

ಸ್ತ್ರೀಧನದ ಮಾತೇನು? ಕ್ಷಾಮದಲ್ಲಿ, ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಸಿಕ್ಕಿದಾಗ, ಈ ನಾಲ್ಕು ಸಂದರ್ಭಗಳಲ್ಲಿ ಹೆಂಡತಿಯ ಒಡವೆಯನ್ನು ತೆಗೆದುಕೊಂಡ ಗಂಡ ಅದನ್ನು ಹಿಂದಿರುಗಿಸಬೇಕೆಂಬ ಕಟ್ಟಿಲ್ಲ. ಬೇರೆ ಸಂದರ್ಭದಲ್ಲಿ ತೆಗೆದುಕೊಂಡರೆ ಅದು ಅವನ ಮೇಲಿನ ಸಾಲವೇ. ಈ ವಿನಾಯಿತಿಯೂ ಗಂಡನೊಬ್ಬನಿಗೆ. ಬೇರೆ ಬಂಧುಗಳಿಗೆ ಇಲ್ಲ.

ಇದನ್ನೆಲ್ಲ ಹೇಳಿ, ನಮ್ಮ ಹಿರಿಯರು ಹೆಂಗಸರನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೆಂದು ಬೀಗುವುದಕ್ಕೆ ನಾನು ಸಿದ್ಧನಿಲ್ಲ. ಆಕೆಗೆ ಸ್ವಾತಂತ್ರ್ಯವಿಲ್ಲವೆಂದು ಸಾರಿದ ಶಾಸ್ತ್ರವೇ ಆಕೆಗೆ ಸಾಲದಿಂದ ರಕ್ಷಣೆ ಕೊಟ್ಟದ್ದು. ರಕ್ಷಣೆ, ಪರಾಧೀನತೆ ಒಂದೇ ನಾಣ್ಯದ ಎರಡು ಮುಖ. ಆದರೆ ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನಿಗೆ ಅರ್ಧ ಶತಮಾನದ ಈಚೆಗೆ, ಬೇರೊಂದು ದನಿ ಎದ್ದಿತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಅವನನ್ನು ತಿರುಗಿ ಕಳುಹಿಸಿದವಳು ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಮನೆಯ ಲೆಕ್ಕಾಚಾರದಲ್ಲಿ ಹೆಂಡತಿಗೆ ಮಾತಿದ್ದರೆ ಗಂಡನಿಗೆ ಸಾಲವೇ ಆಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಇದೇ ಪ್ರಶ್ನೆಯನ್ನು ಇಂಗ್ಲೆಂಡ್ ಹೇಗೆ ಬಿಡಿಸಿತೆಂಬುದು ಸ್ವಾರಸ್ಯಕರವಾದದ್ದು. ಅಲ್ಲಿ ಮದುವೆಯಾದೊಡನೆ ಹೆಂಡತಿಯ ಕಾನೂನು ವ್ಯಕ್ತಿತ್ವವೇ ಗಂಡನಲ್ಲಿ ಲೀನವಾಗುತ್ತಿತ್ತು. ಆಕೆಯ ಹಣ, ಒಡವೆ, ಸಂಬಳ ಎಲ್ಲ ಅವನದು. ಅದರ ಜೊತೆಗೆ ಮದುವೆಗೆ ಮುಂಚೆ ಆಕೆ ಮಾಡಿದ್ದ ಸಾಲವೂ ಅವನದೇ. ಈ ಸಾಲಕ್ಕೆ ಹೆದರಿ 18ನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿಯೂ ವಿಚಿತ್ರವಾದ ಮದುವೆಗಳು ನಡೆಯುತ್ತಿದ್ದವು. ವಧು ಒಳಂಗಿಯೊಂದನ್ನೇ ತೊಟ್ಟು ಮದುವೆಗೆ ನಿಲ್ಲುವಳು. ಆಕೆಯಿಂದ ನಾನು ಒಂದು ನೂಲೆಳೆಯನ್ನೂ ಪಡೆಯಲಿಲ್ಲ, ಆದ್ದರಿಂದ ಆಕೆಯ ಹಳೆಯ ಸಾಲ ನನಗೆ ತಗಲದು ಎಂದು ವರನ ನಂಬಿಕೆ. ಮನೆ ಬಿಟ್ಟುಹೋದ ಹೆಂಡತಿಯ ಸಾಲಕ್ಕೆ ನಾನು ಹೊಣೆಯಲ್ಲ ಎಂದು ಗಂಡಂದಿರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದಂತೂ ಬಹಳ ಕಾಲ ರೂಢಿಯಲ್ಲಿತ್ತು.

ಸಂಸಾರಕ್ಕೆ ಅವಶ್ಯವಾದ ವಸ್ತುಗಳನ್ನು ಹೆಂಡತಿ ಗಂಡನ ಹೆಸರಿನಲ್ಲಿ ಕಡ ತಂದರೆ ಅವನು ಕೊಡಬೇಕೆಂಬುದು ಅಲ್ಲಿನ ನ್ಯಾಯಾಲಯಗಳ ಸಾಮಾನ್ಯ ನಿಲುವು. ಇದು ನಮ್ಮ ಕುಟುಂಬಾರ್ಥದ ತಮ್ಮನೇ ಸರಿ. 1880ರಲ್ಲಿ ಡೆಬೆನ್‌ಹ್ಯಾಮ್ ಎಂಬ ಜವಳಿ ವರ್ತಕರು ಮೆಲ್ಲನ್ ಎಂಬಾತನ ಮೇಲೆ ಹೂಡಿದ ದಾವೆ ಅಲ್ಲಿನ ಅತ್ಯುಚ್ಚ ನ್ಯಾಯಪೀಠದವರೆಗೂ ಹೋಯಿತು. ಗಂಡಹೆಂಡಿರಿಬ್ಬರೂ ಹೋಟೆಲೊಂದರ ಮೇಲ್ವಿಚಾರಕರು. ಬಟ್ಟೆಬರೆಗೆಂದು ಗಂಡ ಹಣ ಕೊಟ್ಟಿದ್ದ. ತನ್ನ ಹೆಸರಿನಲ್ಲಿ ಸಾಲ ಮಾಡಕೂಡದೆಂದು ಹೇಳಿಯೂ ಇದ್ದ. ಆಕೆ ಮಾಡಿದಳು. ಮದುವೆಯಾದ ಮಾತ್ರಕ್ಕೆ ಹೆಂಡತಿ ಗಂಡನನ್ನು ಸಾಲದಲ್ಲಿ ಕಟ್ಟಿಹಾಕುವ ಪ್ರತಿನಿಧಿಯಾಗುವುದಿಲ್ಲ ಎಂದು ತೀರ್ಪಾಗಿ ವರ್ತಕರು ಸೋತರು. ಎರಡು ವರ್ಷಗಳ ಬಳಿಕ, 1882ರ ಶಾಸನ, ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯನ್ನು ಹೊಂದುವ ಹಕ್ಕನ್ನು ಕೊಟ್ಟಿತು. ಆ ಆಸ್ತಿಯ ಮಟ್ಟಿಗೆ ಆಕೆಯ ಸಾಲಕ್ಕೆ ಆಕೆಯನ್ನೇ ಹೊಣೆಯಾಗಿಸಿತು. ಸ್ತ್ರೀಧನದ ಮಟ್ಟಿಗೆ ಹಿಂದೂ ಹೆಂಗಸು ತನ್ನ ಕರಾರಿಗೆ ಬದ್ಧಳೆಂದು ಮುಂಬಯಿಯ ಉಚ್ಚ ನ್ಯಾಯಾಲಯ 1876ರಲ್ಲಿಯೇ ಹೇಳಿತ್ತು. ಆಸ್ತಿ ಆಕೆಯದೆಂಬ ತತ್ತ್ವ ನಮ್ಮಲ್ಲಿ ಹಳೆಯದು, ಅಲ್ಲಿ ಹೊಸತು.

ಅಮೆರಿಕದಲ್ಲಿ ಇಂದಿಗೂ ಎರಡು ಪಂಥಗಳಿವೆ. ಕ್ಯಾಲಿಫೋರ್ನಿಯ, ಟೆಕ್ಸಾಸ್ ಮೊದಲಾದ ಕೆಲವು ರಾಜ್ಯಗಳು ಸ್ಪೇನಿನವರಿಂದ ಬಂದ ಪದ್ಧತಿಯನ್ನು ಅನುಸರಿಸುತ್ತವೆ. ಅಲ್ಲಿ ಮದುವೆಯ ಕಾಲದಲ್ಲಿ ಗಳಿಸಿದ್ದು ಇಬ್ಬರದು. ಆ ಕಾಲದಲ್ಲಿ ಒಬ್ಬರು ಮಾಡಿದ ಸಾಲವೂ ಸಾಮಾನ್ಯವಾಗಿ ಆ ಕೂಡುಗಳಿಕೆಯ ಮೇಲೆ ಬರುತ್ತದೆ. ಉಳಿದ ರಾಜ್ಯಗಳಲ್ಲಿ ಸಹಿ ಹಾಕಿದವರದೇ ಸಾಲ. ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದಲ್ಲಿಯೇ 1958ರಲ್ಲಿ ಬ್ಯಾಂಕೊಂದು, ಯಾರೂ ಕೇಳದೆಯೆ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳುಹಿಸಿತು. ಸಾಲ ಬಾಗಿಲಿಗೆ ಬಂದು ಕದ ತಟ್ಟಿದ್ದು ಅಂದು. ಆದರೆ ಮುಂದೆ ಅನೇಕ ವರ್ಷ, ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ಕಾರ್ಡು ಕೇಳಿದರೆ ಗಂಡನ ಸಹಿ ತಾ ಎನ್ನುತ್ತಿದ್ದರು. ಸಾಲ ಕೊಡುವಲ್ಲಿ ಸ್ತ್ರೀ ಪುರುಷ ಭೇದ, ವಿವಾಹಿತ ಅವಿವಾಹಿತ ಭೇದ ಸಲ್ಲದೆಂದು ಅಲ್ಲಿ ಶಾಸನವಾದದ್ದು 1974ರಲ್ಲಿ.

ನಮ್ಮ ದೇಶದ ಈಚಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ದೇಶಕ್ಕೆ ದಾರಿ ತೋರಿತು. 1956ರ ಉತ್ತರಾಧಿಕಾರ ಕಾಯಿದೆ ಹೆಂಗಸಿನ ಆಸ್ತಿಯನ್ನು ಪೂರ್ಣವಾಗಿ ಆಕೆಯದೆಂದು ಸಾರಿತು. ಅದಕ್ಕೆ 2005ರಲ್ಲಾದ ತಿದ್ದುಪಡಿ, ತಂದೆಯ ಸಾಲ ಮಗನ ಮೇಲೆ ಧರ್ಮದ ಹೊಣೆಯಾಗಿ ಇಳಿಯುತ್ತದೆಂಬ ಪುರಾತನ ನಿಯಮವನ್ನು, ಅಂದಿನಿಂದ ಮುಂದಿನ ಸಾಲಗಳ ಮಟ್ಟಿಗೆ, ರದ್ದುಮಾಡಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸತ್ತವನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನ ಆಸ್ತಿ ತಮ್ಮ ಕೈಗೆ ಬಂದಷ್ಟಕ್ಕೆ ಮಾತ್ರ. ಯಾಜ್ಞವಲ್ಕ್ಯನ ಮಾತಿನ ಪ್ರತಿಧ್ವನಿ ಇಲ್ಲಿಯೂ ಕೇಳುತ್ತದೆ. ಅದೇ ಸಂಹಿತೆ, ಹಣದ ತೀರ್ಪಿಗಾಗಿ ಹೆಂಗಸನ್ನು ಬಂಧಿಸಕೂಡದೆನ್ನುತ್ತದೆ. ಅಡಿಗೆಯ ಪಾತ್ರೆಗಳನ್ನೂ, ಧರ್ಮಾಚಾರದಂತೆ ಹೆಂಗಸು ಬಿಚ್ಚಿಕೊಡಲಾಗದ ಒಡವೆಗಳನ್ನೂ ಜಪ್ತಿ ಮಾಡಕೂಡದೆನ್ನುತ್ತದೆ. ಇನ್ನು 1874ರ ಕಾಯಿದೆಯೊಂದಿದೆ. ಅದರ ಆರನೆಯ ಕಲಮಿನ ಮೇರೆಗೆ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ ಜೀವವಿಮೆಯ ಹಣ ಗಂಡನ ಸಾಲಗಾರರ ಕೈಗೆ ಸಿಕ್ಕುವುದಿಲ್ಲ. 1923ರ ತಿದ್ದುಪಡಿಯಿಂದ ಹಿಂದೂ, ಮುಸಲ್ಮಾನ, ಜೈನ ಮೊದಲಾದವರಿಗೂ ಈ ಸೌಲಭ್ಯ ಉಂಟು. ವಿಮೆ ಮಾಡಿಸುವ ದಿನ ಒಂದು ಹಾಳೆಗೆ ಹೆಚ್ಚಾಗಿ ಸಹಿ ಹಾಕಿದರೆ ಸಾಕು; ತಿಳಿದವರು ಕಡಿಮೆ.

ಕಾರ್ಡಿನ ವಿಷಯದಲ್ಲಿ ನಿಯಮ ಸರಳವಾಗಿದೆ. ಯಾರ ಹೆಸರಿನ ಕಾರ್ಡೋ ಅವರ ಸಾಲ. ಹೆಂಡತಿಗೋ ಮಕ್ಕಳಿಗೋ ಜೊತೆಯ ಕಾರ್ಡು ಕೊಡಿಸಿದ್ದರೆ ಅದರ ಹೊಣೆಯೂ ಮೂಲ ಕಾರ್ಡಿನವರದೇ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಆದರೆ ಹಳ್ಳಿಯ ಕಡೆ ಇಂದು ಚಿತ್ರ ತಿರುವುಮುರುವಾಗಿದೆ. ಕಿರುಸಾಲದ ಸಂಸ್ಥೆಗಳು ಸಾಲ ಕೊಡುವುದು ಹೆಚ್ಚಾಗಿ ಹೆಂಗಸರಿಗೆ. ಸಹಿ ಆಕೆಯದು, ಖರ್ಚು ಎಷ್ಟೋ ಮನೆಗಳಲ್ಲಿ ಗಂಡನದು. ತಾನೇ ಮಾಡಿದ ಸಾಲ ತನ್ನದೆಂಬ ನಿಯಮ ಇಲ್ಲಿ ಆಕೆಗೇ ಉರುಳಾಗುತ್ತದೆ. ವಸೂಲಿಯ ಕಾಟ ತಾಳಲಾರದೆ ಊರು ಬಿಟ್ಟವರ ಸುದ್ದಿಗಳು ಬಂದ ಮೇಲೆ 2025ರಲ್ಲಿ ಕರ್ನಾಟಕ ಸರ್ಕಾರ ಬಲಾತ್ಕಾರದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಶಾಸ್ತ್ರದ ಪ್ರಶ್ನೆ ‘ಸಹಿ ಯಾರದು’ ಎಂಬುದಷ್ಟೇ ಆಗಿರಲಿಲ್ಲ, ‘ಉಂಡವರು ಯಾರು’ ಎಂಬುದೂ ಆಗಿತ್ತು. ಎರಡನೆಯ ಪ್ರಶ್ನೆಯನ್ನು ಕೇಳುವವರು ಇಂದು ಯಾರೂ ಇಲ್ಲ.

ಇಷ್ಟು ಓದಿಕೊಂಡಾಗ ನನಗೆ ನನ್ನ ತಾಯಿಯ ನೆನಪಾಯಿತು. ನಮ್ಮ ತಂದೆ ಹಳ್ಳಿಯ ಶಾಲೆಯ ಮೇಷ್ಟರು. ಅವರು ತೀರಿಕೊಂಡಾಗ ನನಗೆ ಹತ್ತು ವರ್ಷ. ವೈಕುಂಠ ಸಮಾರಾಧನೆಯ ದಿನ ದಿನಸಿ ಅಂಗಡಿಯವರು ಬಂದು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಏನನ್ನೂ ಕೇಳದೆ ಎದ್ದುಹೋದರು. ಅಮ್ಮ ಮಾರನೆಯ ವಾರ ತವರಿನ ಎರಡು ಬಳೆಗಳನ್ನು ಮಾರಿಸಿ ಹಣವನ್ನು ನನ್ನ ಕೈಯಲ್ಲಿಯೇ ಕಳುಹಿಸಿದಳು. ಅಂಗಡಿಯವರು ಲೆಕ್ಕದ ಹಾಳೆಯನ್ನು ಹರಿದು ನನಗೆ ಕೊಟ್ಟರು. ಮನೆಗೆ ಬಂದು ಅದನ್ನು ಅಮ್ಮನಿಗೆ ಓದಿಹೇಳಿದೆ. ಆಕೆಗೆ ಓದು ಬರುತ್ತಿರಲಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಸೀಮೆಎಣ್ಣೆ. “ಸರಿಯಾಗಿದೆ. ಇದನ್ನೆಲ್ಲ ತರಿಸಿದವಳು ನಾನೇ” ಎಂದಳು. ಅಮ್ಮ ಗಂಡನ ಸಾಲವನ್ನು ತೀರಿಸಿದಳೆಂದು ಐವತ್ತು ವರ್ಷ ನಾನು ಹೇಳಿಕೊಂಡು ಬಂದಿದ್ದೆ. ಯಾಜ್ಞವಲ್ಕ್ಯನನ್ನು ಓದಿದ ಮೇಲೆ ತಿಳಿಯಿತು: ಆಕೆ ತೀರಿಸಿದ್ದು ತನ್ನ ಸಾಲವನ್ನು. ಆಕೆಗೆ ಅದು ಅಂದೇ ಗೊತ್ತಿತ್ತು.

ನನ್ನ ವಿದ್ಯಾರ್ಥಿನಿ ಮತ್ತೆ ಬಂದಾಗ ಇದನ್ನು ಹೇಳಿದೆ. ಗಂಡನ ಋಣವನ್ನು ಹೆಂಡತಿ ಹೊರಬೇಕೆಂದು ಶಾಸ್ತ್ರವೂ ಹೇಳುವುದಿಲ್ಲ. ತೀರಿಸದಿದ್ದರೆ ಪಾಪವೆಂಬ ಭಯವನ್ನು ಬಿಡಿ. ಆದರೆ ಆ ಕಾಗದವನ್ನು ಒಮ್ಮೆ ಸಾಲು ಸಾಲಾಗಿ ಓದಿನೋಡಿ ಎಂದೆ. ಇಬ್ಬರೂ ಕೂಡಿ ಓದಿದೆವು. ಹೆಚ್ಚಿನವು ಆಕೆ ಕಾಣದ ಊರುಗಳ, ತಿಳಿಯದ ಖರ್ಚುಗಳು. ನಡುವೆ ಒಂದು ಸಾಲು ಮಾತ್ರ ಮಗಳ ಕಾಲೇಜಿನ ಶುಲ್ಕ, 42,000 ರೂಪಾಯಿ. ಆಕೆ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

ಆ ಬಳಿಕ ಅವರು ತಮ್ಮ ಸಂಬಳದ ಉಳಿತಾಯದಿಂದ ಅಷ್ಟನ್ನು ಮಾತ್ರ ಕಟ್ಟಿದರೆಂದು ತಿಳಿಯಿತು. ಉಳಿದುದಕ್ಕೆ ತಾನು ಹೊಣೆಯಲ್ಲವೆಂದೂ, ಇದನ್ನು ಕಟ್ಟಿದ್ದರಿಂದ ಹೊಣೆಯನ್ನು ಒಪ್ಪಿದಂತಾಗುವುದಿಲ್ಲವೆಂದೂ ವಕೀಲರಿಂದ ಪತ್ರ ಬರೆಸಿದರು. ಕಾನೂನಿನ ಪ್ರಕಾರ ಅದನ್ನೂ ಕಟ್ಟಬೇಕಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ದೂರವಾಣಿಯ ಕರೆಗಳು ಕೆಲವು ದಿನ ನಡೆದು ನಿಂತವು. ಬಳೆಗಳು ಅವರ ಬಳಿಯೇ ಇವೆ.

(ಆಕಾಶವಾಣಿಯ ಸೌಜನ್ಯದಿಂದ)